ಹೆಚ್ಚು ಓಡಿದ ಹಿಮಾಲಯನ್ 411 ಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ಹುಡುಕುವವರ ಕಣ್ಣಿಗೆ ಕರ್ನಾಟಕದಲ್ಲಿ ಮೊದಲು ಬೀಳುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. 2016ರಲ್ಲಿ ಬಂದ ಈ ಗಾಡಿಯ ಜಾಗಕ್ಕೆ 2023ರ ನವೆಂಬರಿನಲ್ಲಿ ಹಿಮಾಲಯನ್ 450 ಬಂತು. ಅಲ್ಲಿಂದ ಹಳೆಯ 411ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಹೆಚ್ಚಿನವು 30,000 ಕಿ.ಮೀ. ದಾಟಿದವು. ಅಂಥ ಗಾಡಿ ನೋಡಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹಲವು ಉತ್ತರಗಳು ಬೇರೆ ಬೈಕುಗಳಿಗೂ ಒಪ್ಪುತ್ತವೆ.

ಹೆಚ್ಚು ಓಡಿದ ಗಾಡಿಯ ಮೈಲೇಜ್ ಬಿದ್ದಿರುತ್ತದೆಯೇ?

ನಮ್ಮಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕಿ.ಮೀ. ಎಂಬುದು. ಆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಸರಿಯಾಗಿರುವ 411 ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಲೀಟರಿಗೆ 30ರ ಆಸುಪಾಸು ಕೊಡುತ್ತದೆ. ಟ್ಯಾಂಕ್ 15 ಲೀಟರಿನದು. 22–23ಕ್ಕೆ ಇಳಿದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಕ್ಲಚ್ ಜಾರುತ್ತಿರಬಹುದು. ಇನ್ನು ಮುಂದೆ ಈ ಪುಟದಲ್ಲಿ ಮಾತಾಡುವುದು ಗಾಡಿ ಎಷ್ಟು ಓಡಿದೆ ಎಂಬುದರ ಬಗ್ಗೆ.

50–60 ಸಾವಿರ ಕಿ.ಮೀ. ಓಡಿದ ಗಾಡಿ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು, ಬಿಲ್ಲುಗಳಿದ್ದರೆ. 411ರ ಎಂಜಿನ್ ಉದ್ದ ಸ್ಟ್ರೋಕಿನದು: ಬೋರ್ (ಸಿಲಿಂಡರಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 86 ಮಿ.ಮೀ. ಶಕ್ತಿ 24 ಬಿಎಚ್‌ಪಿ ಚಿಲ್ಲರೆ. 411 ಸಿಸಿಯಿಂದ ಇಷ್ಟೇ ಶಕ್ತಿ ತೆಗೆಯುವುದರಿಂದ ಒಳಗಿನ ಭಾಗಗಳ ಮೇಲೆ ಒತ್ತಡ ಕಡಿಮೆ. ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಎಂಜಿನ್ 60,000ಕ್ಕೆ ಮುದಿಯಾಗುವುದಿಲ್ಲ.

ಮುದಿಯಾಗುವುದು ಎಂಜಿನ್ನಿನ ಸುತ್ತ ಇರುವ ಸಾಮಾನು: ಬೇರಿಂಗ್, ರಬ್ಬರ್, ಸೀಲ್, ಕೇಬಲ್, ವೈರ್. ಗಾಡಿ ನೋಡಲು ಹೋದವರಲ್ಲಿ ಬಹುತೇಕರು ಎಂಜಿನ್ ಸದ್ದು ಕೇಳಿ ತಲೆಯಾಡಿಸಿ ಬರುತ್ತಾರೆ. ಆಮೇಲೆ ಜೇಬು ಕತ್ತರಿಸುವುದು ಈ ಸಾಮಾನುಗಳು.

ಓಡಿದ್ದು ಎಲ್ಲಿ ಎನ್ನುವುದೂ ಮುಖ್ಯ. ಬೆಂಗಳೂರಿನಿಂದ ಹುಬ್ಬಳ್ಳಿಗೆ 400 ಕಿ.ಮೀ. ಹೋದ ಗಾಡಿ ಒಮ್ಮೆ ಬಿಸಿಯಾಗಿ, ಹೆಚ್ಚು ಹೊತ್ತು ಐದನೇ ಗೇರಿನಲ್ಲೇ ಇರುತ್ತದೆ. ಅದೇ 400 ಕಿ.ಮೀ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಆಗಿದ್ದರೆ ಸಾವಿರಾರು ಸಲ ಕ್ಲಚ್ ಹಿಡಿದಿರುತ್ತಾರೆ, ಹತ್ತಾರು ಸಲ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿರುತ್ತಾರೆ. ಮೂರು ವರ್ಷ ಬೇಸ್‌ಮೆಂಟಿನಲ್ಲಿ ನಿಂತ 9,000 ಕಿ.ಮೀ.ನ ಗಾಡಿಗಿಂತ ವರ್ಷವಿಡೀ ಓಡಾಡಿದ 45,000 ಕಿ.ಮೀ.ನದು ಮೇಲು. ನಿಂತ ಗಾಡಿಯಲ್ಲಿ ಟ್ಯಾಂಕ್ ಒಳಗೆ ತುಕ್ಕು ಬಂದಿರುತ್ತದೆ, ಬ್ರೇಕ್ ಪಿಸ್ಟನ್ ಕಚ್ಚಿಕೊಂಡಿರುತ್ತದೆ, ಟೈರ್ ಕಲ್ಲಾಗಿರುತ್ತದೆ.

ಯಾವ ವರ್ಷದ ಮಾಡೆಲ್ ನೋಡಬೇಕು?

2016ರಿಂದ 2017ರ ಆರಂಭದವರೆಗಿನವು ಬಿಎಸ್3 (ಬಿಎಸ್ ಎಂದರೆ ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ), ಕಾರ್ಬುರೇಟರ್ ಗಾಡಿಗಳು. ದೂರುಗಳು ಹೆಚ್ಚು ಕೇಳಿಬಂದದ್ದು ಈ ಮೊದಲ ಬ್ಯಾಚಿನ ಬಗ್ಗೆಯೇ. ತೀರಾ ಅಗ್ಗಕ್ಕೆ ಸಿಕ್ಕಿ, ಕೈಗೆ ನಂಬಿಕೆಯ ಮೆಕ್ಯಾನಿಕ್ ಇದ್ದರೆ ಮಾತ್ರ ನೋಡಿ.

2017ರಲ್ಲಿ ಬಿಎಸ್4 ಜೊತೆಗೆ ಫ್ಯೂಯಲ್ ಇಂಜೆಕ್ಷನ್ ಬಂತು, 2018ರಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ). ಟೂರಿಂಗಿಗೆ ಕೊಳ್ಳುವುದಾದರೆ ಎಬಿಎಸ್ ಇಲ್ಲದ್ದನ್ನು ಬಿಟ್ಟುಬಿಡಿ. 2020ರ ಬಿಎಸ್6 ಗಾಡಿಯಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್ ಇದೆ. 2021ರದಕ್ಕೆ ದಾರಿ ತೋರಿಸುವ ಟ್ರಿಪ್ಪರ್ ಸೇರಿತು. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ, ಫೋನ್ ಹೋಲ್ಡರ್ ಆ ಕೆಲಸ ಮಾಡುತ್ತದೆ.

ಬಿಎಸ್4 ಗಾಡಿಗಳ ಮಾರಾಟ 2020ರ ಮಾರ್ಚ್ 31ಕ್ಕೆ ನಿಂತಿತು. ಆರ್‌ಸಿಯಲ್ಲಿ ಬಿಎಸ್4 ಎಂದಿದ್ದು ನೋಂದಣಿ ದಿನಾಂಕ ಅದಕ್ಕಿಂತ ಬಹಳ ಮುಂದಿದ್ದರೆ ಕಾರಣ ಕೇಳಿ. 2021ರ ಮೇನಲ್ಲಿ ಇಗ್ನಿಷನ್ ಕಾಯಿಲ್ ಪರೀಕ್ಷೆಗೆಂದು ಕಂಪನಿ 2,36,966 ಬೈಕುಗಳನ್ನು ವಾಪಸ್ ಕರೆದಿತ್ತು. ಆ ವರ್ಷ ಜನವರಿಯಿಂದ ಏಪ್ರಿಲ್ ಒಳಗೆ ಮಾರಾಟವಾದ ಹಿಮಾಲಯನ್‌ಗಳೂ ಅದರಲ್ಲಿದ್ದವು. ಆ ಅವಧಿಯ ಗಾಡಿಯಾದರೆ ಕೆಲಸ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.

ಮೀಟರ್ ತಿರುಗಿಸಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?

411ರಲ್ಲಿ ತಿರುಗಿಸಲೇಬೇಕೆಂದಿಲ್ಲ, ಮೀಟರನ್ನೇ ಬದಲಿಸಿರಬಹುದು. ಈ ಗಾಡಿಯ ಮೀಟರಿನೊಳಗೆ ಮಳೆಗಾಲದಲ್ಲಿ ಹಬೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ರೋಗ. ವಾರಂಟಿಯಲ್ಲಿ ಹೊಸ ಮೀಟರ್ ಹಾಕಿದಾಗ ಲೆಕ್ಕ ಸೊನ್ನೆಯಿಂದ ಶುರುವಾಗಿರುತ್ತದೆ. ಮಾರುವವರು ಮೋಸಗಾರರೇ ಆಗಿರಬೇಕಿಲ್ಲ, ಅವರಿಗೆ ನೆನಪೇ ಇಲ್ಲದಿರಬಹುದು.

ಆದ್ದರಿಂದ ಮೀಟರನ್ನು ಬಿಟ್ಟು ಗಾಡಿಯನ್ನು ಓದಿ. ಜಾಬ್ ಕಾರ್ಡುಗಳಲ್ಲಿ ಪ್ರತಿ ಸರ್ವಿಸಿನ ಕಿ.ಮೀ. ಬರೆದಿರುತ್ತದೆ. ಕೊನೆಯ ಮೂರು ಸಂಖ್ಯೆಗಳು ಕ್ರಮವಾಗಿ ಏರಿವೆಯೇ ನೋಡಿ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ: 2319 ಎಂದರೆ 2019ರ 23ನೇ ವಾರ. ಮೀಟರ್ 14,000 ತೋರಿಸುತ್ತಿದ್ದು ಹಿಂದಿನ ಟೈರ್ ಎರಡನೆಯದೋ ಮೂರನೆಯದೋ ಆಗಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಉಗುರಿಗೆ ಸಿಗುವಂಥ ಏಣು ಎದ್ದಿದ್ದರೆ ಡಿಸ್ಕ್ ಬಹಳ ಸವೆದಿದೆ. ಎಷ್ಟರವರೆಗೆ ಸವೆಯಬಹುದು ಎಂಬ ಅಳತೆ ಡಿಸ್ಕಿನ ಮೇಲೇ ಕೊರೆದಿರುತ್ತದೆ. ಗೇರ್ ಲಿವರ್ ತುದಿಯ ರಬ್ಬರ್, ಫುಟ್‌ರೆಸ್ಟ್ ರಬ್ಬರ್, ಹ್ಯಾಂಡಲ್ ಗ್ರಿಪ್ ಮೂರೂ ಹೊಚ್ಚಹೊಸದಾಗಿದ್ದರೆ ಯಾಕೆ ಬದಲಿಸಿದರು ಎಂದು ಯೋಚಿಸಿ.

ನಂಬರ್ ಪ್ಲೇಟ್ ನೋಡಿ ಏನಾದರೂ ತಿಳಿಯುತ್ತದೆಯೇ?

ಗಾಡಿ ಬಾಳಿದ ಹವೆ ತಿಳಿಯುತ್ತದೆ. ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ: ಕಡಲ ಉಪ್ಪುಗಾಳಿ ತಿಂದ ಗಾಡಿ. ಕಡ್ಡಿಗಳು ರಿಮ್ಮಿಗೆ ಸೇರುವ ಜಾಗ, ಸೈಲೆನ್ಸರ್ ಬೆಂಡಿನ ಅಡಿ, ಸೆಂಟರ್ ಸ್ಟ್ಯಾಂಡಿನ ಸ್ಪ್ರಿಂಗ್, ಸೀಟಿನ ಕೆಳಗಿನ ಬೋಲ್ಟುಗಳನ್ನು ಟಾರ್ಚ್ ಹಾಕಿ ನೋಡಿ. ಕೆಎ-12 ಮಡಿಕೇರಿ, ಕೆಎ-18 ಚಿಕ್ಕಮಗಳೂರಿನ ಗಾಡಿ ಮಳೆ ಮತ್ತು ಕೆಸರು ಕಂಡಿರುತ್ತದೆ. ಅಲ್ಲಿ ಬೇರಿಂಗುಗಳ ಮೇಲೆ ಕಣ್ಣಿಡಿ. ಬಯಲುಸೀಮೆಯ ಗಾಡಿಗೆ ಧೂಳಿನ ಕಾಟ. ಏರ್ ಫಿಲ್ಟರ್ ಯಾವಾಗ ಬದಲಿಸಿದ್ದು ಎಂದು ಕೇಳಿ.

ಗಾಡಿ ನೋಡಲು ಹೋದಾಗ ಮೊದಲು ಮಾಡಬೇಕಾದದ್ದು ಏನು?

ಎಂಜಿನ್ ಮುಟ್ಟಿ ನೋಡಿ. “ಬರೋದ್ರೊಳಗೆ ಸ್ಟಾರ್ಟ್ ಮಾಡ್ಬೇಡಿ” ಎಂದು ಹಿಂದಿನ ದಿನವೇ ಹೇಳಿರಿ. ಆದರೂ ಬಿಸಿಯಾಗಿದ್ದರೆ ಒಂದು ಕಾಫಿ ಕುಡಿದು ಬಂದು ಆರಿದ ಮೇಲೆ ನೋಡಿ, ಇಲ್ಲವೇ ಇನ್ನೊಂದು ದಿನ ಬನ್ನಿ. ಸ್ಟಾರ್ಟಿಂಗ್ ತೊಂದರೆ, ಹೊಗೆ, ಟೈಮಿಂಗ್ ಚೈನ್ ಸದ್ದು ಎಲ್ಲವೂ ಬಯಲಾಗುವುದು ತಣ್ಣನೆಯ ಎಂಜಿನ್ನಿನ ಮೊದಲ ಅರ್ಧ ನಿಮಿಷದಲ್ಲಿ.

ಸ್ಟಾರ್ಟ್ ಮಾಡುವ ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ ಆಯಿಲ್ ಕಿಟಕಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ, ಅಲ್ಲಿಂದಲೇ ಕೈಮುಗಿದು ಹೊರಡಿ.

ಟಕಟಕ ಸದ್ದು ಬಂದರೆ?

ಟಕಟಕ ಸದ್ದು ಸ್ವಲ್ಪ ಇರಲೇಬೇಕು. ಇದು ಗಾಳಿ ಮತ್ತು ಆಯಿಲಿನಿಂದ ತಣ್ಣಗಾಗುವ ಎಂಜಿನ್, ಸದ್ದು ಅಡಗಿಸುವ ನೀರಿನ ಪದರ ಇಲ್ಲ. ಮೇಲ್ಭಾಗದಿಂದ ಹೊಲಿಗೆ ಯಂತ್ರದಂತೆ ಒಂದೇ ಲಯದಲ್ಲಿ ಬರುವ ಟಕಟಕ ವಾಲ್ವ್ ಒತ್ತುವ ಟ್ಯಾಪೆಟ್ಟಿನದು. ಹೊಂದಿಸಿದರೆ ಮುಗಿಯಿತು. ಟ್ಯಾಪೆಟ್ ಸದ್ದೇ ಇಲ್ಲದ ಹಳೆಯ ಗಾಡಿಗೇ ಹೆಚ್ಚು ಹೆದರಬೇಕು. ಯಾರೋ ಸದ್ದು ಅಡಗಿಸಲು ಗ್ಯಾಪ್ ತೀರಾ ಬಿಗಿ ಮಾಡಿದ್ದರೆ ವಾಲ್ವ್ ಸರಿಯಾಗಿ ಕೂರದೆ ಸುಟ್ಟುಹೋಗುತ್ತದೆ.

ಪಕ್ಕದಿಂದ ಸರಪಳಿ ಎಳೆದಂತೆ ‘ಜರಜರ’ ಎಂದು ಸ್ಟಾರ್ಟಿನಲ್ಲಿ ಬಂದು ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಪರವಾಗಿಲ್ಲ. ನಿಲ್ಲದಿದ್ದರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್ ಸವೆದಿದೆ. ಕೆಳಗಿನಿಂದ ಭಾರವಾದ ‘ದಡ್ ದಡ್’ ಬಂದು, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ ಅದು ಕ್ರ್ಯಾಂಕ್ ಕಡೆಯ ಬೇರಿಂಗಿನ ಸದ್ದು. ಎಂಜಿನ್ ಪೂರ್ತಿ ಬಿಚ್ಚುವ ಕೆಲಸ ಅದು. ಚೌಕಾಸಿ ಮಾಡಬೇಡಿ, ಬಿಟ್ಟುಬಿಡಿ.

ಹೊಗೆಯಿಂದ ಏನು ಗೊತ್ತಾಗುತ್ತದೆ?

ತಣ್ಣಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲ್ ಗಟ್ಟಿಯಾಗಿ ರಾತ್ರಿಯೆಲ್ಲ ಆಯಿಲ್ ಒಳಗೆ ಇಳಿದಿದೆ. ಓಡಿಸುವಾಗ, ಅದರಲ್ಲೂ ಬಿಸಿಯಾದ ಮೇಲೆ ಆಕ್ಸಿಲರೇಟರ್ ತಿರುಗಿಸಿದಾಗ ನೀಲಿ ಹೊಗೆ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್ ಹೋಗಿದೆ. ಮೊದಲನೆಯದಕ್ಕೆ ಬೆಲೆ ಇಳಿಸಿ, ಎರಡನೆಯದಕ್ಕೆ ಗಾಡಿಯನ್ನೇ ಬಿಡಿ. ಬೆಳಗಿನ ಚಳಿಯಲ್ಲಿ ಬರುವ ತೆಳ್ಳನೆಯ ಬಿಳಿ ಆವಿ ಸೈಲೆನ್ಸರಿನ ತೇವವಷ್ಟೇ.

50,000 ದಾಟಿದ ಗಾಡಿಗೆ ಮೆಕ್ಯಾನಿಕ್ಕಿನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು ಸೆಲ್ಫ್ ಹೊಡೆಯುವುದು, ಹದಿನೈದು ನಿಮಿಷದ ಕೆಲಸ. ಪ್ಲಗ್ಗಿನ ತುದಿಯನ್ನೂ ನೋಡಿ: ಇಟ್ಟಿಗೆಯ ತಿಳಿಬಣ್ಣ ಇದ್ದರೆ ಒಳ್ಳೆಯದು, ಜಿಡ್ಡಿನ ಕಪ್ಪಿದ್ದರೆ ಆಯಿಲ್ ಉರಿಯುತ್ತಿದೆ.

ಎಲ್ಲರೂ ಕೋನ್ ಸೆಟ್, ಕೋನ್ ಸೆಟ್ ಎನ್ನುತ್ತಾರಲ್ಲ, ಏನದು?

ಹ್ಯಾಂಡಲ್ ತಿರುಗುವ ಕುತ್ತಿಗೆಯೊಳಗಿನ ಬೇರಿಂಗ್. 411ರಲ್ಲಿ ಎಲ್ಲಕ್ಕಿಂತ ಬೇಗ ಹೋಗುವ ಭಾಗ ಇದೇ. 21 ಇಂಚಿನ ಮುಂದಿನ ಚಕ್ರ, ಉದ್ದದ ಫೋರ್ಕ್, ಹಳ್ಳದ ರಸ್ತೆ, ಎಲ್ಲದರ ಹೊಡೆತವೂ ಅಲ್ಲೇ ಬೀಳುತ್ತದೆ. ಮಳೆನೀರು ಗ್ರೀಸನ್ನು ತೊಳೆದರೆ ಗುಂಡುಗಳು ಬಟ್ಟಲಿನ ಮೇಲೆ ಸಣ್ಣ ಸಣ್ಣ ಗುಳಿ ಕೊರೆಯುತ್ತವೆ.

ಪರೀಕ್ಷೆ ಹೀಗೆ: ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಮೇಲೇಳುವಂತೆ ಮಾಡಿ. ಎರಡು ಬೆರಳಿನಿಂದ ಹ್ಯಾಂಡಲನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತನ್ನಿ. ಚಕ್ರ ನೇರವಾದ ಜಾಗದಲ್ಲಿ ‘ಟಕ್’ ಎಂದು ಕೂತಂತಾದರೆ ಗುಳಿ ಬಿದ್ದಿದೆ. ಆಮೇಲೆ ಮುಂದೆ ಕೂತು ಫೋರ್ಕಿನ ಎರಡೂ ಕಾಲುಗಳ ಬುಡ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ‘ಕಟಕಟ’ ಎಂದರೆ ಸಡಿಲವಾಗಿದೆ. ಬಿಗಿ ಮಾಡಿದರೆ ಅಲ್ಲಾಟ ನಿಲ್ಲುತ್ತದೆ, ಆದರೆ ಗುಳಿ ತುಂಬುವುದಿಲ್ಲ. ಬದಲಿಸಲೇಬೇಕು. ಬದಲಿಸುವಾಗ ಟೇಪರ್ ರೋಲರ್ ಬೇರಿಂಗ್ ಹಾಕಿಸಿದರೆ ಹೆಚ್ಚು ಕಾಲ ಬರುತ್ತದೆ. ಇದು ಹೋಗಿದೆ ಎಂಬ ಕಾರಣಕ್ಕೆ ಮಾತ್ರ ಒಳ್ಳೆಯ ಗಾಡಿಯನ್ನು ಬಿಡಬೇಡಿ, ಬೆಲೆಯಲ್ಲಿ ಹಿಡಿದುಕೊಳ್ಳಿ.

ಫೋರ್ಕ್ ಮತ್ತು ಹಿಂದಿನ ಶಾಕ್?

ಮುಂದಿನ ಫೋರ್ಕಿಗೆ ರಬ್ಬರ್ ತೋಳು ತೊಡಿಸಿರುತ್ತಾರೆ. ಆಯಿಲ್ ಸೀಲ್ ಸೋರಿದರೂ ಹೊರಗೆ ಕಾಣದಿರುವುದು ಇದರಿಂದಲೇ. ರಬ್ಬರನ್ನು ಕೆಳಗಿನ ತುದಿಯಲ್ಲಿ ಸಡಿಲಿಸಿ ಮೇಲಕ್ಕೆ ಸರಿಸಿ ಬೆರಳು ಹಾಕಿ ನೋಡಿ. ಒಳಗೆ ಆಯಿಲ್ ಮೆತ್ತಿದ ಕೆಸರಿದ್ದರೆ ಸೀಲ್ ಹೋಗಿ ಬಹಳ ದಿನ ಆಗಿದೆ. ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ. ತುಕ್ಕಿನ ಚುಕ್ಕೆ ಉಗುರಿಗೆ ತಾಗಿದರೆ ಹೊಸ ಸೀಲ್ ಹಾಕಿದರೂ ಅದು ಮತ್ತೆ ಹರಿಯುತ್ತದೆ.

ಹಿಂದಿನ ಮೋನೋಶಾಕ್ ಕೆಳಗೆ ಲಿಂಕ್ ಇದೆ, ಅದರೊಳಗೆ ಸೂಜಿಯಂಥ ರೋಲರ್ ಬೇರಿಂಗುಗಳು. ಸಾಮಾನ್ಯ ಸರ್ವಿಸಿನಲ್ಲಿ ಅದನ್ನು ಯಾರೂ ಬಿಚ್ಚುವುದಿಲ್ಲ. 40,000 ಕಿ.ಮೀ.ಗೆ ಒಣಗಿ ತುಕ್ಕು ಹಿಡಿದಿರುವುದೇ ಹೆಚ್ಚು. ಸೆಂಟರ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರವನ್ನು ಮೇಲಕ್ಕೆತ್ತಿ ಬಿಡಿ. ಶಾಕ್ ಅಲುಗುವ ಮೊದಲೇ ಚಕ್ರ ಕೆಲವು ಮಿ.ಮೀ. ಆಡಿದರೆ ಲಿಂಕ್ ಬೇರಿಂಗ್ ಸವೆದಿದೆ. ಪಕ್ಕಕ್ಕೆ ಆಡಿದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಸಡಿಲವಾಗಿದೆ.

ಚಕ್ರ, ಟೈರ್?

ಮುಂದಿನದು 90/90-21, ಹಿಂದಿನದು 120/90-17. ಎರಡೂ ಕಡ್ಡಿ ಚಕ್ರ, ಟ್ಯೂಬ್ ಟೈರ್. ಚಕ್ರ ಗಾಳಿಯಲ್ಲಿರುವಾಗ ಫೋರ್ಕಿಗೆ ಒಂದು ಪೆನ್ಸಿಲ್ ಒತ್ತಿಹಿಡಿದು ರಿಮ್ ತಿರುಗಿಸಿ. ಒಂದೆರಡು ಮಿ.ಮೀ. ಓಲಾಟ ಕಡ್ಡಿ ಬಿಗಿದರೆ ಸರಿಹೋಗುತ್ತದೆ. ಒಂದೇ ಜಾಗದಲ್ಲಿ ತಟ್ಟನೆ ಹಾರಿದರೆ ರಿಮ್ ಗುಂಡಿಗೆ ಬಡಿದು ಸೊಟ್ಟಗಾಗಿದೆ. ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ‘ಠಿಣ್’ ಎನ್ನುತ್ತದೆ, ಸಡಿಲವಾದದ್ದು ‘ಠಕ್’ ಎನ್ನುತ್ತದೆ. ಟೈರಿಗೆ ಐದು ವರ್ಷ ದಾಟಿದ್ದರೆ ಅದರ ಗೀರು (ಟ್ರೆಡ್) ಎಷ್ಟೇ ಆಳವಿರಲಿ, ಹೊಸ ಟೈರಿನ ಖರ್ಚು ಲೆಕ್ಕಕ್ಕೆ ಸೇರಿಸಿ.

ಚೈನ್ ಸ್ಪ್ರಾಕೆಟ್ ಮುಗಿದಿದೆಯೇ ಎಂದು ಹೇಗೆ ನೋಡುವುದು?

ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಒಂದು ಕೊಂಡಿ ಹಿಡಿದು ನಿಮ್ಮತ್ತ ಎಳೆಯಿರಿ. ಹಲ್ಲಿನ ಅರ್ಧ ಕಂಡರೆ ಸೆಟ್ ಮುಗಿದಿದೆ. ಹಲ್ಲುಗಳು ಗರಗಸದಂತೆ ಒಂದು ಕಡೆಗೆ ಬಾಗಿದ್ದರೂ ಅಷ್ಟೇ. ಚೈನ್ ಒಂದನ್ನೇ ಬದಲಿಸಿದ್ದೇವೆ ಎಂದರೆ ದುಡ್ಡು ನೀರಿಗೆ ಹಾಕಿದಂತೆ. ಹಳೆಯ ಹಲ್ಲು ಹೊಸ ಚೈನನ್ನು ತಿಂದುಹಾಕುತ್ತದೆ.

ಬಿದ್ದ ಗಾಡಿ ಎಂದು ತಿಳಿಯುವುದು ಹೇಗೆ?

ಹಿಮಾಲಯನ್ ಬೀಳದೆ ಇರುವುದು ಕಡಿಮೆ. ಕ್ರ್ಯಾಶ್ ಗಾರ್ಡ್, ಲಿವರ್ ತುದಿ, ಹ್ಯಾಂಡಲ್ ತುದಿಯಲ್ಲಿ ಗೀರಿದ್ದರೆ ನಿಂತಲ್ಲೇ ಮಗುಚಿದ್ದು. ಹೆದರಬೇಕಾದದ್ದು ಫ್ರೇಮಿಗೆ ಪೆಟ್ಟಾದ ಗಾಡಿಗೆ. ಟ್ಯಾಂಕಿನ ಮುಂಭಾಗ, ಕುತ್ತಿಗೆಯ ಬೆಸುಗೆಗಳನ್ನು ಟಾರ್ಚ್ ಹಾಕಿ ನೋಡಿ: ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೆ, ಅಲ್ಲಿಂದ ತುಕ್ಕು ಇಳಿದಿದ್ದರೆ, ಒಂದು ಜಾಗದ ಬಣ್ಣ ಮಾತ್ರ ಬೇರೆ ಹೊಳಪಿನದಾಗಿದ್ದರೆ ಅದನ್ನು ಮುಟ್ಟಬೇಡಿ. ಹ್ಯಾಂಡಲ್ ಎರಡೂ ಕಡೆ ತುದಿಯವರೆಗೆ ತಿರುಗಿಸಿ. ಅದು ಇನ್ನೂ ಮುಂದೆ ತಿರುಗದಂತೆ ತಡೆಯುವ ಲೋಹದ ಗುಬ್ಬಿ ಜಜ್ಜಿಹೋಗಿದ್ದರೆ ಎದುರಿನಿಂದ ಗುದ್ದಿದ ಗಾಡಿ.

ಹಿಂದೆ ದೊಡ್ಡ ಪೆಟ್ಟಿಗೆ, ಎರಡು ಪಕ್ಕ ಪ್ಯಾನಿಯರ್, ಜೊತೆಗೆ ಹಿಂಬದಿ ಸವಾರರು, ಹೀಗೆ ಹೊರೆ ಹೊತ್ತ ಗಾಡಿಯಲ್ಲಿ ಕ್ಯಾರಿಯರ್ ಬೆಸುಗೆ ಮತ್ತು ಸೀಟಿನ ಕೆಳಗಿನ ಸಬ್‌ಫ್ರೇಮ್ ಬಿರಿಯುತ್ತವೆ. ಸೀಟ್ ತೆಗೆದು ನೋಡಿ. ಎಂಜಿನ್ನಿನ ಅಡಿಗೆ ಕಾವಲಾಗಿರುವ ತಗಡು ಒಳಕ್ಕೆ ಒತ್ತಿದ್ದರೆ ಅದರ ಹಿಂದೆ ಆಯಿಲ್ ಡ್ರೈನ್ ಬೋಲ್ಟ್ ಸುತ್ತ ಸೋರಿಕೆ ಇದೆಯೇ ಗಮನಿಸಿ. ಮರೆ (ಥ್ರೆಡ್) ಸವೆದುಹೋದ ಡ್ರೈನ್ ಬೋಲ್ಟಿಗೆ ಟೇಪ್ ಸುತ್ತಿ ಕೂರಿಸಿರುವುದು ಅಪರೂಪವಲ್ಲ.

ವೈರಿಂಗ್, ಬ್ಯಾಟರಿ?

ಸಾಮಾನ್ಯ ಮಲ್ಟಿಮೀಟರ್ ಒಯ್ಯಿರಿ. ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ 3,000–4,000 ಆರ್‌ಪಿಎಂನಲ್ಲಿ ತಿರುಗುವಾಗ 13.8ರಿಂದ 14.5 ತೋರಿಸಬೇಕು. 13 ದಾಟದಿದ್ದರೆ ತೊಂದರೆ ಇರುವುದು ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ ಅಥವಾ ಚಾರ್ಜಿಂಗನ್ನು ಹತೋಟಿಯಲ್ಲಿಡುವ ಆರ್‌ಆರ್ ಯೂನಿಟ್ನಲ್ಲಿ, 15 ಮೀರಿದರೆ ಖಂಡಿತ ಆರ್‌ಆರ್ ಯೂನಿಟ್. ಹೆಚ್ಚುವರಿ ಫಾಗ್ ಲೈಟ್, ಹಾರ್ನ್ ಹಾಕಿದ್ದರೆ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಇದೆಯೇ ನೋಡಿ. ಹೆಡ್‌ಲೈಟಿನ ವೈರ್ ಸೀಳಿ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಆಗುಂಬೆಯ ಮಳೆಯಲ್ಲಿ ನಡುರಾತ್ರಿ ಕತ್ತಲಾಗುವ ಗಾಡಿ ಅದು.

ಮೀಟರಿನಲ್ಲಿರುವ ದಿಕ್ಸೂಚಿ ಉತ್ತರವನ್ನು ದಕ್ಷಿಣ ಎಂದರೆ ಅದಕ್ಕೆ ಬೆಲೆ ಇಳಿಸಬೇಡಿ. ಹೊಸದಿದ್ದಾಗಲೂ ಅದರ ಚಾಳಿ ಅದೇ.

ಟೆಸ್ಟ್ ರೈಡಿನಲ್ಲಿ ಏನು ಗಮನಿಸಬೇಕು?

ಕನಿಷ್ಠ ಹತ್ತು ಕಿ.ಮೀ. ಓಡಿಸಿ, ಗಲ್ಲಿಯೊಳಗಿನ ಒಂದು ಸುತ್ತು ಸಾಲದು. ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಎರಡನೇ ಗೇರಿನಲ್ಲಿ ಜೋರಾಗಿ ಎಳೆದು ತಟ್ಟನೆ ಬಿಡಿ, ಗೇರ್ ಹಾರಿದರೆ ಗೇರ್‌ಬಾಕ್ಸ್ ಕೆಲಸ. 80ರಲ್ಲಿ ಹ್ಯಾಂಡಲನ್ನು ಸಡಿಲವಾಗಿ ಹಿಡಿದು ವೇಗ ಇಳಿಯಲು ಬಿಡಿ. ನಡುಕ ಬಂದರೆ ಕೋನ್ ಸೆಟ್, ಟೈರ್ ಅಥವಾ ಚಕ್ರದ ಬೇರಿಂಗ್. ಕೈ ಪೂರ್ತಿ ಬಿಡುವ ಸಾಹಸ ಬೇಡ.

ಎಬಿಎಸ್ ದೀಪ ಕೀ ಹಾಕಿದಾಗ ಹೊತ್ತಿ, ಗಾಡಿ ಹೊರಟ ಕೂಡಲೇ ಆರಬೇಕು. ಕೀ ಹಾಕಿದಾಗ ಹೊತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಸಾಯಿಸಿದ್ದಾರೆ. ಖಾಲಿ ಜಲ್ಲಿ ಜಾಗದಲ್ಲಿ 20ರ ವೇಗದಲ್ಲಿ ಹಿಂದಿನ ಬ್ರೇಕ್ ಒತ್ತಿ ಪೆಡಲ್ ಮಿಡಿಯುವುದನ್ನು ಅನುಭವಿಸಿ. ಬಂದು ನಿಂತ ಮೇಲೆ ಎಂಜಿನ್ ಆಫ್ ಮಾಡಿ ಕೂಡಲೇ ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಒದ್ದಾಡುವ ಗಾಡಿಗಳಿವೆ, ಆಗ ಫ್ಯೂಯಲ್ ಪಂಪ್ ಮತ್ತು ವಾಲ್ವ್ ಗ್ಯಾಪ್ ಎರಡನ್ನೂ ಅನುಮಾನಿಸಿ.

“ಲಡಾಖ್‌ಗೆ ಹೋಗಿಬಂದಿದೆ” ಎಂಬುದು ಒಳ್ಳೆಯದೋ ಕೆಟ್ಟದೋ?

ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ, ಕೇಳುವವರು ಅನುಮಾನದಿಂದ ಕೇಳಬೇಕು. ದೂರ ಹೋದದ್ದರಿಂದ ತೊಂದರೆಯಿಲ್ಲ. ರಸ್ತೆಯ ಮೇಲೆ ಹರಿಯುವ ಹಿಮದ ನೀರು, ಕಲ್ಲಿನ ದಾರಿ, ನುಣ್ಣನೆ ಧೂಳು ಗಾಡಿಯನ್ನು ತಿನ್ನುತ್ತವೆ. ಏರ್ ಫಿಲ್ಟರ್ ಡಬ್ಬಿ ತೆಗೆಸಿ ಒಳಗೋಡೆ ಒರೆಸಿ ನೋಡಿ. ಫಿಲ್ಟರಿನಿಂದ ಎಂಜಿನ್ ಕಡೆಗಿರುವ ಭಾಗದಲ್ಲಿ ಧೂಳಿದ್ದರೆ ಆ ಧೂಳು ಸಿಲಿಂಡರಿಗೂ ಹೋಗಿದೆ. ಬಂದ ಮೇಲೆ ಚಕ್ರದ ಬೇರಿಂಗ್, ಬ್ರೇಕ್ ಪ್ಯಾಡ್, ಆಯಿಲ್ ಬದಲಿಸಿದ ಬಿಲ್ ತೋರಿಸಿದರೆ ಅಂಥವರ ಗಾಡಿ ಕೊಳ್ಳಿ; ಅವರು ಗಾಡಿ ನೋಡಿಕೊಳ್ಳುವ ಜನ.

ನೆರೆಯಲ್ಲಿ ಮುಳುಗಿದ ಗಾಡಿಯ ಗುರುತು?

2018ರ ಕೊಡಗು, 2022ರ ಸೆಪ್ಟೆಂಬರಿನ ಬೆಂಗಳೂರು ಹೊರವರ್ತುಲ ರಸ್ತೆ ನೆನಪಿರಲಿ. ಹೆಡ್‌ಲೈಟ್ ಒಳಗೆ ಸಣ್ಣ ಮಣ್ಣಿನ ಗೆರೆ, ಸೀಟಿನ ಕೆಳಗಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಟೂಲ್‌ಕಿಟ್ಟಿನ ಸ್ಪ್ಯಾನರಿಗೆ ತುಕ್ಕು. ತೊಳೆದು ಪಾಲಿಶ್ ಹೊಡೆಯುವವರು ಈ ಮೂರು ಜಾಗವನ್ನು ಮರೆಯುತ್ತಾರೆ.

ಜೋರು ಸದ್ದಿನ ಸೈಲೆನ್ಸರ್ ಹಾಕಿದ್ದರೆ?

ಕಂಪನಿಯ ಸೈಲೆನ್ಸರ್ ಜೊತೆಗೆ ಕೊಟ್ಟರೆ ಸರಿ. ಇಲ್ಲವಾದರೆ ಅದರ ಬೆಲೆ ಕಳೆಯಿರಿ. ಪೊಲೀಸರ ದಂಡವೂ ತಪ್ಪುವುದಿಲ್ಲ.

ಬೆಲೆ ಹೇಗೆ ಕಟ್ಟುವುದು?

ಅದೇ ವರ್ಷದ, ಕಡಿಮೆ ಓಡಿದ ಐದಾರು ಗಾಡಿಗಳ ಬೆಲೆ ನೋಡಿಟ್ಟುಕೊಳ್ಳಿ. ಅದರಿಂದ ನಿಮ್ಮ ಮುಂದಿರುವ ಗಾಡಿಗೆ ಈಗಲೇ ಬೇಕಾದ ಕೆಲಸವನ್ನು ಕಳೆಯಿರಿ. ಟೈರ್ ಜೋಡಿ, ಚೈನ್ ಸೆಟ್, ಕೋನ್ ಸೆಟ್ ಈ ಮೂರೇ ಸೇರಿದರೆ ಖರ್ಚು ಐದಂಕಿ ಮುಟ್ಟುತ್ತದೆ. ಬಿಡಿಭಾಗದ ದರವನ್ನು ಸರ್ವಿಸ್ ಸೆಂಟರಿನಲ್ಲಿ ಕೇಳಿ ಕಾಗದದ ಮೇಲೆ ಬರೆದುಕೊಂಡು ಹೋಗಿ. “ಸ್ವಲ್ಪ ನೋಡ್ಕೊಂಡು ಹೇಳಿ ಸರ್” ಎಂಬ ಮಾತಿಗಿಂತ ಆ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಪೆಟ್ಟಿಗೆ, ಲೈಟು, ಗಾರ್ಡಿಗೆ “ಐವತ್ತು ಸಾವಿರ ಹಾಕಿದ್ದೀನಿ” ಎನ್ನುವವರಿಗೆ ಅದರ ಅರ್ಧವನ್ನೂ ಕೊಡಬೇಕಿಲ್ಲ, ನಿಮಗೆ ಬೇಡದ ಸಾಮಾನನ್ನು ಬಿಚ್ಚಿಕೊಳ್ಳಲು ಹೇಳಿ.

ಕಾಗದಪತ್ರದಲ್ಲಿ ಏನೇನು ನೋಡಬೇಕು?

ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಹ್ಯಾಂಡಲ್ ಕುತ್ತಿಗೆಯ ಮೇಲೆ ಕೊರೆದದ್ದರೊಂದಿಗೆ, ಎಂಜಿನ್ ನಂಬರನ್ನು ಕ್ರ್ಯಾಂಕ್‌ಕೇಸಿನ ಮೇಲಿನದರೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ, ವಿಮೆ, ಬ್ಲ್ಯಾಕ್‌ಲಿಸ್ಟ್ ಸ್ಥಿತಿ ಸಿಗುತ್ತದೆ. ಬಾಕಿ ಚಲನ್‌ಗಳನ್ನು ಮಾರುವವರಿಂದಲೇ ಕಟ್ಟಿಸಿ. ಕಳವು ಗಾಡಿಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ ಜಾಲತಾಣದಲ್ಲಿ ನೋಡಬಹುದು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿರಬೇಕು.

ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30. ಸಾಲ ಇದ್ದದ್ದಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದು ಸಾಮಾನ್ಯ. ಅದನ್ನು ತೆಗೆಸುವ ಮೊದಲು ಪೂರ್ತಿ ಹಣ ಕೊಡಬೇಡಿ. “ಆರ್‌ಸಿ ಆಮೇಲೆ ಮಾಡ್ಸೋಣ” ಎನ್ನುವ ಬ್ರೋಕರ್ ಬಳಿ ಟೋಕನ್ ಕೂಡ ಇಡಬೇಡಿ. ಗಾಡಿ ಕೈಗೆ ಬಂದ ದಿನ ತಾರೀಕು ಮತ್ತು ಸಮಯ ಎರಡನ್ನೂ ಬರೆದ ಡೆಲಿವರಿ ಚೀಟಿಗೆ ಇಬ್ಬರೂ ಸಹಿ ಹಾಕಿ.

ಹೊರರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತಿದೆ, ತರಬಹುದೇ?

ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗ ಎನ್ನಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು. ಗಾಡಿಯ ವಯಸ್ಸಾದಂತೆ ತೆರಿಗೆ ಇಳಿಯುತ್ತದೆ, ಆದರೂ ಮೊತ್ತ ಸಣ್ಣದಲ್ಲ. ಅಲ್ಲಿ ಕಟ್ಟಿದ ತೆರಿಗೆಯ ವಾಪಸಾತಿಯನ್ನು ನೆಚ್ಚಿಕೊಂಡು ಬೆಲೆ ಒಪ್ಪಬೇಡಿ, ಆ ಕೆಲಸ ಆಮೆ ನಡಿಗೆಯದು.

ವಿಮೆ ತಾನಾಗಿಯೇ ನನ್ನ ಹೆಸರಿಗೆ ಬರುತ್ತದೆಯೇ?

ಬರುವುದಿಲ್ಲ. ಗಾಡಿ ವರ್ಗವಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಹಳೆಯ ಹೆಸರಿನಲ್ಲೇ ಬಿಟ್ಟರೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ತಿರಸ್ಕಾರವಾಗುತ್ತದೆ. ನೋ ಕ್ಲೇಮ್ ಬೋನಸ್ ಮಾರಿದವರದ್ದು, ಗಾಡಿಯ ಜೊತೆ ಬರುವುದಿಲ್ಲ. 2018ರ ಸೆಪ್ಟೆಂಬರ್ 1ರಿಂದ ಮಾರಾಟವಾದ ಹೊಸ ದ್ವಿಚಕ್ರಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. 2019ರ ಗಾಡಿಯ ಆ ಐದು ವರ್ಷ 2024ಕ್ಕೇ ಮುಗಿದಿದೆ, ಆಮೇಲೆ ಯಾರಾದರೂ ಕಟ್ಟಿದ್ದಾರೆಯೇ ನೋಡಿ.

ಕೊಂಡ ಮೇಲೆ ಮೊದಲ ವಾರ ಏನು ಮಾಡಿಸಬೇಕು?

ಹಿಂದಿನವರು ಏನೇ ಹೇಳಲಿ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಆಯಿಲ್ 15ಡಬ್ಲ್ಯು-50 ಸೆಮಿ ಸಿಂಥೆಟಿಕ್. ಎರಡು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಕಿಟಕಿಯ ಗೆರೆ ನೋಡಿ ನಿಲ್ಲಿಸಿ. ಕಂಪನಿ 10,000 ಕಿ.ಮೀ. ತನಕ ಬಿಡಬಹುದು ಎನ್ನುತ್ತದೆ. ಹೆಚ್ಚು ಓಡಿದ ಎಂಜಿನ್ನಿಗೆ 5,000ಕ್ಕೆ ಬದಲಿಸುವುದು ವಾಸಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಹೊಸದು. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷಕ್ಕೊಮ್ಮೆ ಬದಲಿಸುವಂಥದ್ದು, ಯಾರೂ ಬದಲಿಸಿರುವುದಿಲ್ಲ. ಟ್ಯಾಪೆಟ್ ಗ್ಯಾಪ್ ತಣ್ಣನೆ ಎಂಜಿನ್ನಿನಲ್ಲಿ ಹೊಂದಿಸಲಿ. ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ. ಕೋನ್ ಸೆಟ್, ಸ್ವಿಂಗ್‌ಆರ್ಮ್, ಲಿಂಕ್ ಮೂರನ್ನೂ ಬಿಚ್ಚಿ ಗ್ರೀಸ್ ಹಾಕಿಸಿ, ಬಿಚ್ಚುವಾಗ ಎದುರು ನಿಂತಿರಿ. ಹಿಂದಿನ ಚಕ್ರದ ಹಬ್ಬಿನೊಳಗಿನ ರಬ್ಬರ್ ತುಂಡುಗಳನ್ನೂ ನೋಡಲು ಹೇಳಿ. ಗೇರ್ ಹಾಕಿದಾಗ ಹಿಂದಿನಿಂದ ‘ಧಡಕ್’ ಎನ್ನುವುದು ಅವು ಸವೆದಾಗಲೇ.

ಆಮೇಲೆ 300 ಕಿ.ಮೀ.ನ ಒಂದು ಸುತ್ತು ಹೋಗಿಬಂದು ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಸಿ, ಆಯಿಲ್ ಮಟ್ಟ ನೋಡಿ. ಮಟ್ಟ ಎದ್ದು ಕಾಣುವಷ್ಟು ಇಳಿದಿದ್ದರೆ ದೂರದ ಪ್ರವಾಸ ಮುಂದೂಡಿ.

ಮೊದಲ ದೂರದ ಸವಾರಿಗೆ ಜೊತೆಗೆ ಏನಿರಬೇಕು?

ಮೊದಲಿಗೆ 21 ಇಂಚಿನ ಟ್ಯೂಬ್. ಸಕಲೇಶಪುರದಾಚೆಯ ಪಂಚರ್ ಅಂಗಡಿಯಲ್ಲಿ 17, 18 ಇಂಚಿನದು ಸಿಕ್ಕೀತು, 21ರದು ಸಿಗುವುದು ಕಷ್ಟ. ಹಿಂದಿನ ಚಕ್ರದ ಟ್ಯೂಬ್ ಒಂದು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ ತಲಾ ಒಂದು, ಕ್ಲಚ್ ಲಿವರ್, ಬ್ರೇಕ್ ಲಿವರ್, ಸ್ಪಾರ್ಕ್ ಪ್ಲಗ್, ನಾಲ್ಕು ಫ್ಯೂಸ್, ಚೈನ್ ಲ್ಯೂಬ್, ಅರ್ಧ ಲೀಟರ್ ಎಂಜಿನ್ ಆಯಿಲ್. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಎರಡೂ ತುದಿಗೆ ಟೇಪ್ ಸುತ್ತಿ ಕಟ್ಟಿಟ್ಟರೆ, ತುಂಡಾದ ದಿನ ಟ್ಯಾಂಕ್ ಬಿಚ್ಚದೆ ಹತ್ತು ನಿಮಿಷದಲ್ಲಿ ಸಿಕ್ಕಿಸಿಕೊಂಡು ಹೊರಡಬಹುದು.